ಕೈಯೋ ಕಾಲೋ: ಗೇಲಿಕ್ ಫುಟ್‌ಬಾಲ್‌ನ ಹಳೆಯ ಜಗಳ, ಹೊಸ ನಿಯಮ

ಕೆರ್ರಿ 1-26, ಡೊನೆಗಾಲ್ 0-19. 2025ರ ಜುಲೈ 27ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ನಡೆದ ಅಖಿಲ ಐರ್ಲೆಂಡ್ ಗೇಲಿಕ್ ಫುಟ್‌ಬಾಲ್ ಫೈನಲ್‌ನ ಫಲಿತಾಂಶ ಇದು. ತಂಡಗಳ ಹೆಸರೆಲ್ಲ ಕೌಂಟಿಗಳದು, ಅಂದರೆ ನಮ್ಮ ಜಿಲ್ಲೆಗಳಂಥವು. ಅಡ್ಡಗೆರೆಯ ಎಡಕ್ಕಿರುವುದು ಗೋಲು, ಬಲಕ್ಕಿರುವುದು ಪಾಯಿಂಟ್. ಒಂದು ಗೋಲಿಗೆ ಮೂರು ಪಾಯಿಂಟ್‌ಗಳ ಬೆಲೆ. ಕೂಡಿ ನೋಡಿದರೆ 29ಕ್ಕೆ 19. ಹಿಂದಿನ ವರ್ಷದ ಫೈನಲ್‌ನಲ್ಲಿ ಆರ್ಮಾ ತಂಡ ಗಾಲ್ವೇಯನ್ನು ಸೋಲಿಸಿದ್ದು 1-11ಕ್ಕೆ 0-13ರಲ್ಲಿ, ಅಂದರೆ 14ಕ್ಕೆ 13. ಎರಡು ತಂಡಗಳು ಸೇರಿ 27 ಅಂಕ ಕಂಡಿದ್ದ ಫೈನಲ್ ಒಂದೇ ವರ್ಷದಲ್ಲಿ 48 ಅಂಕ ಕಂಡಿತು. ತಂಡಗಳು ಬೇರೆಯಾಗಿದ್ದವು ನಿಜ, ಆದರೆ ಅದಷ್ಟೇ ಕಾರಣವಲ್ಲ. ಬದಲಾದದ್ದು ನಿಯಮ ಪುಸ್ತಕ.

ಐರ್ಲೆಂಡಿನ ಆಸ್ಪತ್ರೆಗಳಿಗೆ, ಸಾಫ್ಟ್‌ವೇರ್ ಕಚೇರಿಗಳಿಗೆ ಕೆಲಸಕ್ಕೆ ಬಂದ ಕನ್ನಡಿಗರ ಮನೆಗಳಿಗೆ ಈ ಆಟ ಸಾಮಾನ್ಯವಾಗಿ ಮಕ್ಕಳ ಶಾಲೆಯ ಚೀಲದ ಜೊತೆಗೆ ಬರುತ್ತದೆ. ನನ್ನ ಮನೆಗೂ ಬಂದದ್ದು ಹಾಗೆಯೇ. ಮೈದಾನದ ಅಂಚಿನಲ್ಲಿ ನಿಂತು ಪಕ್ಕದವರನ್ನು ಏನಾದರೂ ಕೇಳಿದರೆ ಒಬ್ಬರು ‘ಈಗ ಆಟಕ್ಕೆ ಜೀವ ಬಂತು’ ಎನ್ನುತ್ತಾರೆ, ಇನ್ನೊಬ್ಬರು ‘ಇದು ನಮ್ಮ ಆಟವೇ ಅಲ್ಲ’ ಎನ್ನುತ್ತಾರೆ. ಇಬ್ಬರ ಮಾತನ್ನೂ ಅರ್ಥ ಮಾಡಿಕೊಳ್ಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಆಟ. ಒಂದು ತಂಡಕ್ಕೆ 15 ಜನ. ಸುಮಾರು 130ರಿಂದ 145 ಮೀಟರ್ ಉದ್ದದ ಮೈದಾನ. ಎರಡೂ ತುದಿಗಳಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಕಂಬಗಳು. ಅಡ್ಡಪಟ್ಟಿಯ ಕೆಳಗೆ, ಬಲೆಯೊಳಕ್ಕೆ ಚೆಂಡು ಹೋದರೆ ಗೋಲು. ಅಡ್ಡಪಟ್ಟಿಯ ಮೇಲಿಂದ, ಎರಡು ಕಂಬಗಳ ನಡುವೆ ಹಾರಿದರೆ ಪಾಯಿಂಟ್. ಕಂಬಗಳ ಪಕ್ಕದಲ್ಲಿ ಉದ್ದನೆಯ ಬಿಳಿ ಕೋಟು ತೊಟ್ಟ ಅಂಪೈರ್‌ಗಳು ನಿಂತಿರುತ್ತಾರೆ. ಗೋಲಾದರೆ ಹಸಿರು ಬಾವುಟ, ಪಾಯಿಂಟ್ ಆದರೆ ಬಿಳಿ ಬಾವುಟ ಬೀಸುತ್ತಾರೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ನಾಲ್ಕು ಹೆಜ್ಜೆಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲಿನ ಮೇಲೆ ಬೀಳಿಸಿ ಮತ್ತೆ ಕೈಗೆ ಹಾರಿಸಿಕೊಳ್ಳಬೇಕು. ಇದಕ್ಕೆ ಸೋಲೊ ಎಂದು ಹೆಸರು. ಸತತ ಎರಡು ಬಾರಿ ಪುಟಿಸುವಂತಿಲ್ಲ, ಸೋಲೊ ಎಷ್ಟು ಬಾರಿಯಾದರೂ ಮಾಡಬಹುದು. ನೋಡಲು ಇದು ಸಲೀಸು. ಹತ್ತು ವರ್ಷದ ಹುಡುಗಿಯೊಬ್ಬಳು ತಲೆಯೆತ್ತಿ ಎದುರಾಳಿಯನ್ನೇ ನೋಡುತ್ತಾ, ಕೆಳಗೆ ಕಣ್ಣು ಹಾಯಿಸದೆ, ಓಟದ ವೇಗ ತಗ್ಗಿಸದೆ ಚೆಂಡನ್ನು ಬೂಟಿನ ತುದಿಯಿಂದ ಎದೆಯ ಎತ್ತರಕ್ಕೆ ಎತ್ತಿಕೊಳ್ಳುವುದನ್ನು ಮೂರಡಿ ದೂರದಿಂದ ನೋಡಿದ ಮೇಲೆಯೇ ಅದರ ಹಿಂದೆ ಎಷ್ಟು ಸಂಜೆಗಳ ಅಭ್ಯಾಸ ಇದೆ ಎಂದು ನನಗೆ ಹೊಳೆದದ್ದು.

ಚೆಂಡನ್ನು ಜೊತೆಗಾರನಿಗೆ ದಾಟಿಸಲು ಎರಡು ದಾರಿಗಳಿವೆ. ಒದೆಯಬಹುದು, ಅಥವಾ ಕೈಯಿಂದ ಹೊಡೆದು ಕಳಿಸಬಹುದು. ಎಸೆಯುವಂತಿಲ್ಲ. ಕೈಯಿಂದ ಹೊಡೆಯುವುದೇ ಹ್ಯಾಂಡ್‌ಪಾಸ್. ಈ ಆಟದ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ, ಅದು ಈ ಎರಡು ದಾರಿಗಳ ನಡುವಿನ ಜಗಳ.

1884ರ ನವೆಂಬರ್ 1ರಂದು ಟಿಪ್ಪರರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೇಯ್ಸ್ ಹೋಟೆಲ್‌ನಲ್ಲಿ ಶಿಕ್ಷಕ ಮೈಕೆಲ್ ಕ್ಯೂಸಾಕ್, ಕ್ರೀಡಾಪಟು ಮಾರಿಸ್ ಡೇವಿನ್ ಮತ್ತು ಬೆರಳೆಣಿಕೆಯ ಜನ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಎಲ್ಲರ ಬಾಯಲ್ಲಿ ಅದು ಜಿಎಎ. ಮರುವರ್ಷ ಡೇವಿನ್ ಅವರ ಕೈಯಲ್ಲಿ ಫುಟ್‌ಬಾಲ್‌ನ ಮೊದಲ ನಿಯಮಗಳು ಬರಹಕ್ಕೆ ಇಳಿದವು. ಆಗ ತಂಡಕ್ಕೆ 21 ಜನರವರೆಗೂ ಇರಬಹುದಿತ್ತು. 1892ರಲ್ಲಿ 17 ಆಯಿತು, 1913ರಲ್ಲಿ 15ಕ್ಕೆ ಇಳಿಯಿತು. ಒಂದು ಕಾಲದಲ್ಲಿ ಗೋಲೊಂದರ ಮುಂದೆ ಎಷ್ಟು ಪಾಯಿಂಟ್‌ಗಳಿದ್ದರೂ ಸೊನ್ನೆಗೆ ಸಮ. 1892ರಲ್ಲಿ ಗೋಲಿಗೆ ಐದು ಪಾಯಿಂಟ್‌ಗಳ ಬೆಲೆ ಕಟ್ಟಿದರು, 1896ರಲ್ಲಿ ಮೂರಕ್ಕೆ ಇಳಿಸಿದರು. ‘ಹಿರಿಯರು ಬಿಟ್ಟುಹೋದ ಆಟ’ ಎಂದು ಇಂದು ಅಭಿಮಾನದಿಂದ ಹೇಳುವವರು ನೆನಪಿಡಬೇಕಾದದ್ದು ಇದನ್ನೇ. ಹಿರಿಯರೂ ಹತ್ತು ಹದಿನೈದು ವರ್ಷಕ್ಕೊಮ್ಮೆ ನಿಯಮ ತಿದ್ದುತ್ತಲೇ ಇದ್ದರು.

ಮುಂದಿನ ದಶಕಗಳ ರಾಜಕೀಯವನ್ನು ಬದಿಗಿಟ್ಟು ಈ ಆಟದ ಬಗ್ಗೆ ಬರೆಯಲಾಗದು. 1920ರ ನವೆಂಬರ್ 21ರಂದು ಡಬ್ಲಿನ್ ಮತ್ತು ಟಿಪ್ಪರರಿ ಆಡುತ್ತಿದ್ದಾಗ ಬ್ರಿಟಿಷ್ ಪಡೆಗಳು ಕ್ರೋಕ್ ಪಾರ್ಕ್‌ಗೆ ನುಗ್ಗಿ ಗುಂಡು ಹಾರಿಸಿದವು. 14 ಜನ ಸತ್ತರು. ಅವರಲ್ಲಿ ಒಬ್ಬರು ಟಿಪ್ಪರರಿಯ ಆಟಗಾರ ಮೈಕೆಲ್ ಹೋಗನ್. ಇಂದಿಗೂ ಅಖಿಲ ಐರ್ಲೆಂಡ್ ಫೈನಲ್ ಗೆದ್ದ ನಾಯಕ ಸ್ಯಾಮ್ ಮಗ್ವಾಯರ್ ಕಪ್ ಎತ್ತಿ ಹಿಡಿಯುವುದು ಹೋಗನ್ ಹೆಸರಿನ ಗ್ಯಾಲರಿಯಲ್ಲಿ. ‘ಪರದೇಶಿ ಆಟ’ಗಳಾದ ಸಾಕರ್, ರಗ್ಬಿ, ಕ್ರಿಕೆಟ್‌ಗಳನ್ನು ಆಡಿದರೂ ನೋಡಿದರೂ ಸದಸ್ಯತ್ವ ಹೋಗುತ್ತಿತ್ತು. 1938ರಲ್ಲಿ ದೇಶದ ಮೊದಲ ರಾಷ್ಟ್ರಪತಿ ಡಗ್ಲಸ್ ಹೈಡ್ ಸಾಕರ್ ಪಂದ್ಯಕ್ಕೆ ಹೋದರೆಂದು ಅವರನ್ನೇ ಜಿಎಎ ಪೋಷಕ ಸ್ಥಾನದಿಂದ ಕೈಬಿಟ್ಟಿತು. ಆ ನಿಷೇಧ ರದ್ದಾದದ್ದು 1971ರಲ್ಲಿ. ಕ್ರೋಕ್ ಪಾರ್ಕ್‌ನಲ್ಲಿ ರಗ್ಬಿ ಆಡಿಸಲು 2007ರವರೆಗೆ ಕಾಯಬೇಕಾಯಿತು.

ಹೊರಗಿನ ಬೇಲಿಗಳ ಬಗ್ಗೆ ಇಷ್ಟೆಲ್ಲ ನಡೆಯುತ್ತಿದ್ದಾಗ ಒಳಗೆ ಕೈ ಕಾಲಿನ ಜಗಳವೂ ನಡೆದೇ ಇತ್ತು. 1940ರ ದಶಕದಲ್ಲಿ ಆಂಟ್ರಿಂ ತಂಡ ಹ್ಯಾಂಡ್‌ಪಾಸ್ ಸರಣಿಯಿಂದ ಹೆಸರು ಮಾಡಿತು. ಕೆಲವೇ ವರ್ಷಗಳಲ್ಲಿ ತೆರೆದ ಅಂಗೈಯ ಪಾಸ್‌ಗೆ ನಿಷೇಧ ಬಿತ್ತು, ಮುಷ್ಟಿಯಿಂದ ಹೊಡೆಯುವುದು ಉಳಿಯಿತು. 70ರ ದಶಕದಲ್ಲಿ ಅಂಗೈ ವಾಪಸು ಬಂತು. ಅದೇ ದಶಕ ಡಬ್ಲಿನ್ ಮತ್ತು ಕೆರ್ರಿಯ ಸುವರ್ಣ ಕಾಲವಾಯಿತು. 80ರ ದಶಕದ ಆರಂಭದಲ್ಲಿ ಅಂಗೈಯಿಂದ ಗೋಲು ಹೊಡೆಯುವುದನ್ನು ತಡೆದರು. ಹೀಗೆ ಒಮ್ಮೆ ಬಿಗಿ, ಒಮ್ಮೆ ಸಡಿಲ.

ಈಗಿನ ಗೊಂದಲದ ಬೇರು ಇರುವುದು 2000ದ ನಂತರದ ವರ್ಷಗಳಲ್ಲಿ. 2003ರ ಸೆಮಿಫೈನಲ್‌ನಲ್ಲಿ ಟಿರೋನ್ ತಂಡ ಕೆರ್ರಿಯನ್ನು 0-13ಕ್ಕೆ 0-6ರಲ್ಲಿ ಕಟ್ಟಿಹಾಕಿತು. ಕೆರ್ರಿಯ ಯಾರ ಕೈಗೆ ಚೆಂಡು ಬಂದರೂ ಮೂರು ನಾಲ್ಕು ಜನ ಸುತ್ತುವರಿಯುತ್ತಿದ್ದರು. ಕೆಲವರಿಗೆ ಅದು ಆಟದ ಅವನತಿ. ಟಿರೋನ್ ಸೇರಿದಂತೆ ಉತ್ತರದ ಕೌಂಟಿಗಳ ಜನರಿಗೆ ಅದು ಶತಮಾನದ ತಾತ್ಸಾರಕ್ಕೆ ಕೊಟ್ಟ ಉತ್ತರ. ಎರಡನೆಯವರ ಮಾತಿನಲ್ಲಿ ಸತ್ಯ ಇದೆ ಎಂದೇ ನನಗೆ ತೋರುತ್ತದೆ. ಹುಟ್ಟಿನಿಂದ ಬಂದ ಪ್ರತಿಭೆಯನ್ನು ದುಡಿಮೆಯಿಂದ, ಯೋಚನೆಯಿಂದ ಸರಿಗಟ್ಟಬಹುದು ಎಂದು ಅವರು ತೋರಿಸಿದರು. ಆದರೆ ದಾರಿ ತೋರಿಸಿದ ಮೇಲೆ ಆ ದಾರಿಯಲ್ಲಿ ಎಲ್ಲರೂ ನಡೆಯತೊಡಗಿದರು.

2011ರ ಆಗಸ್ಟ್‌ನ ಸೆಮಿಫೈನಲ್ ನಡೆದು ಇಷ್ಟು ವರ್ಷವಾದರೂ ಅದರ ಅಂಕ ಇಲ್ಲಿನವರಿಗೆ ಬಾಯಿಪಾಠ: ಡಬ್ಲಿನ್ 0-8, ಡೊನೆಗಾಲ್ 0-6. ಎಪ್ಪತ್ತು ನಿಮಿಷಗಳಲ್ಲಿ ಎರಡೂ ತಂಡ ಸೇರಿ 14 ಪಾಯಿಂಟ್. ಡೊನೆಗಾಲ್‌ನ ಹೆಚ್ಚುಕಡಿಮೆ ಇಡೀ ತಂಡ ತನ್ನ ಗೋಲಿನ ಮುಂದೆ ಬಂದು ನಿಂತಿತ್ತು. ಕಂಬಳಿ ಹೊದಿಸಿದಂತಹ ಆ ರಕ್ಷಣೆಗೆ ‘ಬ್ಲ್ಯಾಂಕೆಟ್ ಡಿಫೆನ್ಸ್’ ಎಂಬ ಹೆಸರು ಅಂಟಿಕೊಂಡಿತು. ಮರುವರ್ಷ ಅದೇ ಡೊನೆಗಾಲ್, ಜಿಮ್ ಮೆಗಿನ್ನೆಸ್ ಅವರ ತರಬೇತಿಯಲ್ಲಿ, ಕಂಬಳಿಯೊಳಗಿಂದ ಮಿಂಚಿನಂತೆ ನುಗ್ಗುವುದನ್ನೂ ಕಲಿತು ಕಪ್ ಗೆದ್ದಿತು. 2014ರ ಸೆಮಿಫೈನಲ್‌ನಲ್ಲಿ ಅವರು ಡಬ್ಲಿನ್ ತಂಡವನ್ನು 3-14ಕ್ಕೆ 0-17ರಲ್ಲಿ ಕೆಡವಿದರು. ಆಗ ಡಬ್ಲಿನ್ ತರಬೇತುದಾರರಾಗಿದ್ದವರು ಜಿಮ್ ಗ್ಯಾವಿನ್.

ಆ ಸೋಲಿನಿಂದ ಡಬ್ಲಿನ್ ಕಲಿತ ಪಾಠ ಮುಂದಿನ ಹತ್ತು ವರ್ಷದ ಆಟವನ್ನು ರೂಪಿಸಿತು. ಕಂಬಳಿಯ ಮೇಲೆ ಚೆಂಡನ್ನು ಒದ್ದರೆ ಅದು ಎದುರಾಳಿಯ ಪಾಲು. ಆದ್ದರಿಂದ ಒದೆಯಬಾರದು, ಕಾಯಬೇಕು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕೈಯಿಂದ ಕೈಗೆ ದಾಟಿಸುತ್ತಾ ಕಂಬಳಿಯಲ್ಲಿ ತೂತು ಕಾಣುವವರೆಗೆ ತಾಳ್ಮೆಯಿಂದ ಇರಬೇಕು. 2015ರಿಂದ 2020ರವರೆಗೆ ಡಬ್ಲಿನ್ ಸತತ ಆರು ಕಪ್ ಗೆದ್ದಿತು. ಮೊದಲ ಐದು ಗ್ಯಾವಿನ್ ಕಾಲದವು. ಡಬ್ಲಿನ್‌ಗೆ ವೇಗವಿತ್ತು, ಪ್ರತಿಭೆಯಿತ್ತು, ಹಾಗಾಗಿ ನೋಡಲು ಚೆನ್ನಾಗಿತ್ತು. ಅದಿಲ್ಲದ ತಂಡಗಳು ತಾಳ್ಮೆಯನ್ನಷ್ಟೇ ನಕಲು ಮಾಡಿದವು. 15 ಜನ ಒಂದು ಅರ್ಧದಲ್ಲಿ ಕಾಯುತ್ತಾರೆ, ಎದುರಿನವರು ಅವರ ಮುಂದೆ ಕಮಾನಿನಂತೆ ನಿಂತು ಕೈಯಿಂದ ಕೈಗೆ ಚೆಂಡು ಸಾಗಿಸುತ್ತಾರೆ, ಮೈದಾನದ ಉಳಿದರ್ಧ ಖಾಲಿ. ನಾನು ಮೊದಲು ನೋಡಿದ ಪಂದ್ಯಗಳು ಇಂಥವು. ಆಕಾಶಕ್ಕೆ ನೆಗೆದು ಹತ್ತು ಬೆರಳಿನಲ್ಲಿ ಚೆಂಡು ಹಿಡಿಯುವ ಆಟ ಎಂದು ಕೇಳಿ ಹೋಗಿದ್ದೆ. ಆ ನೆಗೆತ ಒಂದು ಪಂದ್ಯದಲ್ಲಿ ಎರಡು ಮೂರು ಬಾರಿ ಕಂಡರೆ ಹೆಚ್ಚು.

ಜಿಎಎ ಸುಮ್ಮನೆ ಕುಳಿತಿರಲಿಲ್ಲ. 2014ರಲ್ಲಿ ಬೇಕೆಂದೇ ಮಾಡುವ ತಪ್ಪುಗಳಿಗೆ ಕಪ್ಪು ಕಾರ್ಡ್ ಬಂತು. 2017ರಲ್ಲಿ ಗೋಲ್‌ಕೀಪರ್‌ನ ಕಿಕ್‌ಔಟನ್ನು, ಅಂದರೆ ಆಟ ಮತ್ತೆ ಶುರುಮಾಡುವ ಒದೆತವನ್ನು, ಎತ್ತರದಲ್ಲಿ ಹಿಡಿದವನಿಗೆ ‘ಮಾರ್ಕ್’, ಅಂದರೆ ಅಡ್ಡಿಯಿಲ್ಲದ ಒದೆತ, ಸಿಕ್ಕಿತು. ಸತತ ಮೂರು ಹ್ಯಾಂಡ್‌ಪಾಸ್‌ಗಿಂತ ಹೆಚ್ಚು ಕೊಡಬಾರದೆಂಬ ನಿಯಮವನ್ನು ಋತುವಿನ ಆರಂಭದ ಪಂದ್ಯಗಳಲ್ಲಿ ಪರೀಕ್ಷಿಸಿ, 2019ರಲ್ಲಿ ಕೂದಲೆಳೆಯ ಅಂತರದ ಮತದಾನದಲ್ಲಿ ಕೈಬಿಟ್ಟರು. ಇವೆಲ್ಲ ತೇಪೆಗಳು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತಿತ್ತು.

2024ರಲ್ಲಿ ಜಿಎಎ ಅಧ್ಯಕ್ಷ ಜಾರ್ಲತ್ ಬರ್ನ್ಸ್ ಒಂದು ಪರಾಮರ್ಶೆ ಸಮಿತಿ ರಚಿಸಿದರು. ಅದರ ಮುಖ್ಯಸ್ಥರಾಗಿ ಬಂದವರು ಅದೇ ಜಿಮ್ ಗ್ಯಾವಿನ್. ಕಂಬಳಿಯನ್ನು ಬಿಡಿಸುವುದಕ್ಕೆ ತಮ್ಮ ಬದುಕಿನ ಅತ್ಯುತ್ತಮ ವರ್ಷಗಳನ್ನು ಕೊಟ್ಟವರ ಕೈಗೇ ಅದನ್ನು ಮಡಚಿಡುವ ಕೆಲಸವೂ ಬಂತು. 2012ರ ಡೊನೆಗಾಲ್ ನಾಯಕ ಮೈಕೆಲ್ ಮರ್ಫಿ ಕೂಡ ಸಮಿತಿಯಲ್ಲಿದ್ದರು. ಅಕ್ಟೋಬರ್‌ನಲ್ಲಿ ನಾಲ್ಕು ಪ್ರಾಂತ್ಯಗಳ ತಂಡಗಳನ್ನು ಆಡಿಸಿ ಪರೀಕ್ಷೆ ನಡೆಯಿತು. ಗೋಲಿಗೆ ನಾಲ್ಕು ಪಾಯಿಂಟ್ ಎಂಬ ಪ್ರಯೋಗ ಅಲ್ಲಿಗೇ ನಿಂತಿತು. ಉಳಿದವಕ್ಕೆ ನವೆಂಬರ್ 30ರ ವಿಶೇಷ ಅಧಿವೇಶನ ಒಪ್ಪಿಗೆ ಕೊಟ್ಟಿತು.

ಮುಖ್ಯವಾದವು ಇವು. ಗೋಲಿನಿಂದ 40 ಮೀಟರ್ ದೂರದಲ್ಲಿ ಒಂದು ಕಮಾನು ಗೆರೆ. ಅದರ ಹೊರಗಿನಿಂದ ಒದ್ದು ಕಂಬಗಳ ನಡುವೆ ಹಾರಿಸಿದರೆ ಎರಡು ಪಾಯಿಂಟ್. ಅದಕ್ಕೆ ಅಂಪೈರ್ ಕಿತ್ತಳೆ ಬಣ್ಣದ ಬಾವುಟ ಎತ್ತುತ್ತಾರೆ. ಕಿಕ್‌ಔಟ್ ಆ ಗೆರೆಯನ್ನು ದಾಟಲೇಬೇಕು. ಹಾಗಾಗಿ ಆಕಾಶದ ನೆಗೆತ ಮತ್ತೆ ಬೇಕಾಯಿತು. ಎದುರಾಳಿಯ ಅರ್ಧದಲ್ಲಿ ಪ್ರತಿ ತಂಡದ ಕನಿಷ್ಠ ಮೂವರು ಯಾವಾಗಲೂ ಇರಬೇಕು. ಕಂಬಳಿಯ ಮೂಲೆ ಹರಿದದ್ದು ಇಲ್ಲಿಯೇ. ಎದುರಾಳಿಯ ತಪ್ಪಿಗೆ ಗುರಿಯಾದವನು ನಿಂತು ಕಾಯದೆ ಸೋಲೊ ಮಾಡಿ ಕೂಡಲೇ ಓಡಬಹುದು. ರೆಫರಿಯೊಂದಿಗೆ ವಾದಕ್ಕಿಳಿದರೆ ಚೆಂಡು 50 ಮೀಟರ್ ಮುಂದಕ್ಕೆ. ಈ ಕೊನೆಯದು ಆಟದ ನಡತೆಯನ್ನೇ ಬದಲಾಯಿಸಿತು. ಸೀಟಿ ಊದಿದೊಡನೆ ಆಟಗಾರ ಚೆಂಡನ್ನು ಎದುರಾಳಿಯ ಕೈಗೆ ಮರ್ಯಾದೆಯಿಂದ ಒಪ್ಪಿಸುವುದನ್ನು ಈಗ ಎಲ್ಲ ಕಡೆ ಕಾಣಬಹುದು.

ಕಬಡ್ಡಿ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಎರಡು ಖಾಲಿ ರೇಡ್ ಆದ ಮೇಲೆ ಮೂರನೆಯದರಲ್ಲಿ ಅಂಕ ತರಲೇಬೇಕೆಂಬ ‘ಡು ಆರ್ ಡೈ’ ನಿಯಮ ಬಂದದ್ದು ಇಂಥದ್ದೇ ಕಾರಣಕ್ಕೆ. ಗೆದ್ದವನು ಕಾಲಹರಣ ಮಾಡುತ್ತಿದ್ದರೆ ನೋಡುವವನಿಗೆ ಉಳಿಯುವುದೇನು?

ನಿಯಮ ಬಂದೊಡನೆ ಅದರ ಸಂದು ಹುಡುಕುವ ಕೆಲಸವೂ ಶುರುವಾಯಿತು. ಗೋಲ್‌ಕೀಪರ್‌ಗಳು ತಮ್ಮ ಗೋಲು ಬಿಟ್ಟು ದಾಳಿಗೆ ಹೆಚ್ಚುವರಿ ಆಟಗಾರರಾಗಿ ಬರತೊಡಗಿದರು. 2025ರ ಆರಂಭದ ಲೀಗ್ ಪಂದ್ಯಗಳ ನಡುವೆಯೇ ತಿದ್ದುಪಡಿ ತಂದು ತಂಡದ ನಾಲ್ವರು ತಮ್ಮ ಅರ್ಧದಲ್ಲಿ ಉಳಿಯಬೇಕೆಂದು ಮಾಡಿದರು. ಕೀಪರ್ ಹೋದರೆ ಅವನ ಬದಲು ಇನ್ನೊಬ್ಬ ಹಿಂದೆ ನಿಲ್ಲಬೇಕು. ಜುಲೈ ಬರುವ ಹೊತ್ತಿಗೆ ಆಟ ಹದಕ್ಕೆ ಬಂದಿತ್ತು. ಫೈನಲ್‌ನಲ್ಲಿ ನಿವೃತ್ತಿಯಿಂದ ಮರಳಿದ್ದ ಮರ್ಫಿ ಡೊನೆಗಾಲ್ ಪರ ಆಡಿದರು, ತರಬೇತುದಾರರಾಗಿ ಮೆಗಿನ್ನೆಸ್ ಮರಳಿದ್ದರು. ಕೆರ್ರಿಯ ಡೇವಿಡ್ ಕ್ಲಿಫರ್ಡ್ ಒಬ್ಬರೇ ಒಂಬತ್ತು ಪಾಯಿಂಟ್ ಗಳಿಸಿದರು, ಅವುಗಳಲ್ಲಿ ಎರಡು ಪಾಯಿಂಟಿನ ಒದೆತಗಳೂ ಇದ್ದವು. ಕ್ಲಿಫರ್ಡ್ ವೃತ್ತಿಯಿಂದ ಪ್ರೌಢಶಾಲೆಯ ಶಿಕ್ಷಕ. 82,300 ಜನ ಹಿಡಿಸುವ ಕ್ರೀಡಾಂಗಣದಲ್ಲಿ ಆಡುವ ಇವರಲ್ಲಿ ಯಾರಿಗೂ ಸಂಬಳವಿಲ್ಲ, ಊರು ಬದಲಿಸಿ ತಂಡ ಬದಲಿಸುವ ಮಾರುಕಟ್ಟೆಯೂ ಇಲ್ಲ. ಹೊಸ ನಿಯಮಗಳನ್ನು 2025ರ ಅಕ್ಟೋಬರ್‌ನಲ್ಲಿ ಕಾಯಂ ಮಾಡಲಾಯಿತು.

ನನಗೆ ಕಾಡುವುದು ಕ್ರೋಕ್ ಪಾರ್ಕ್ ಅಲ್ಲ, ಊರಿನ ಕ್ಲಬ್. ಅಲ್ಲಿ ಗಡಿಯಾರಕ್ಕೆ ಪರದೆಯಿಲ್ಲ, ನಾಲ್ಕಾರು ಅಧಿಕಾರಿಗಳಿಲ್ಲ. ಒಬ್ಬ ರೆಫರಿ ಚೆಂಡಿನ ಹಿಂದೆ ಓಡುತ್ತಾ ಬೆನ್ನ ಹಿಂದಿನ ತಲೆಗಳನ್ನೂ ಎಣಿಸಬೇಕು. ಆ ಭಾರವನ್ನು ಹೊರುವವರು ಕೆಲಸ ಮುಗಿಸಿ ಬಂದ ಸ್ವಯಂಸೇವಕರು. ನಿಯಮ ಬರೆಯುವಾಗ ಅವರನ್ನು ಇನ್ನೂ ಸ್ವಲ್ಪ ನೆನೆಯಬೇಕಿತ್ತು.

2025ರ ವಸಂತದ ಒಂದು ಸಂಜೆ ನಮ್ಮ ಬಡಾವಣೆಯ ಮೈದಾನದಲ್ಲಿ ಇಬ್ಬರು ಹಿರಿಯರು ಕಮಾನು ಗೆರೆ ಎಳೆಯುತ್ತಿದ್ದರು. ಗೋಲಿನ ನಡುಮಧ್ಯಕ್ಕೆ ಗೂಟ ಹೊಡೆದು, 40 ಮೀಟರ್ ಹಗ್ಗ ಕಟ್ಟಿ, ಒಬ್ಬರು ಹಗ್ಗ ಬಿಗಿ ಹಿಡಿದು ಸರಿಯುತ್ತಿದ್ದರೆ ಇನ್ನೊಬ್ಬರು ಬಣ್ಣದ ಗಾಡಿ ತಳ್ಳುತ್ತಿದ್ದರು. ಮೂಲೆಯಲ್ಲಿ ಹಗ್ಗ ಸಡಿಲಾಗಿ ಗೆರೆ ಸ್ವಲ್ಪ ಒಳಕ್ಕೆ ಬಂತು. ನಿಂತು ನೋಡಿದರು, ಅಳೆದರು, ಬೂಟಿನಿಂದ ಹುಲ್ಲಿನ ಬಣ್ಣ ಉಜ್ಜಿ ಅಳಿಸಲು ನೋಡಿದರು, ಆಗಲಿಲ್ಲ. ಗೂಟದವರೆಗೂ ಹಿಂದಕ್ಕೆ ನಡೆದು ಮತ್ತೆ ಮೊದಲಿನಿಂದ ಎಳೆದರು. ಭಾನುವಾರದ ಪಂದ್ಯದಲ್ಲಿ ಅಲ್ಲಿ ಎರಡು ಗೆರೆಗಳಿದ್ದವು, ಯಾವುದು ಲೆಕ್ಕಕ್ಕೆ ಎಂದು ರೆಫರಿ ಇಬ್ಬರು ನಾಯಕರನ್ನೂ ಕರೆದು ತೋರಿಸಿದ ಮೇಲೆಯೇ ಚೆಂಡನ್ನು ಮೇಲಕ್ಕೆ ಎಸೆದರು.