ಕುಡಿಯುವ ನೀರು ಸರಿ, ಮುದ್ದೆಯ ನೀರು?

ಪಾವಗಡ ಕಡೆಯ ಒಂದು ಹಳ್ಳಿ. ಹತ್ತು ವರ್ಷದ ಹುಡುಗಿಯೊಬ್ಬಳ ಮೂತ್ರ ಪರೀಕ್ಷೆಯ ವರದಿ ನೋಡಿ ನನಗೆ ಅರ್ಥವೇ ಆಗಲಿಲ್ಲ. ಊರಿಗೆ ಶುದ್ಧ ನೀರಿನ ಘಟಕ ಬಂದು ಕೆಲವು ವರ್ಷಗಳಾಗಿದ್ದವು. ಅದರ ನೀರಲ್ಲಿ ಫ್ಲೋರೈಡ್ (ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣಾಂಶ) ಮಿತಿಯೊಳಗೇ ಇತ್ತು. ಆದರೂ ಹುಡುಗಿಯ ಮೂತ್ರದಲ್ಲಿ ಜಾಸ್ತಿ.

ಮನೆಗೇ ಹೋಗಿ ಕೇಳಿದೆ. "ಕುಡಿಯೋಕೆ ಫಿಲ್ಟರ್ ನೀರೇ ಡಾಕ್ಟ್ರೇ. ಅಡುಗೆಗೆ ನಲ್ಲಿ ನೀರು" ಅಂದರು ಅವಳ ತಾಯಿ. ನಲ್ಲಿಯಲ್ಲಿ ಬರುವುದು ಆಳದ ಬೋರ್‌ವೆಲ್ ನೀರು. ಅಲ್ಲಿನ ಗ್ರಾನೈಟ್ ಬಂಡೆಯಿಂದಲೇ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಬೋರ್‌ವೆಲ್ ನೀರಲ್ಲಿ ಲೀಟರಿಗೆ 3 ಮಿ.ಗ್ರಾಂ ಫ್ಲೋರೈಡ್, ಫಿಲ್ಟರ್ ನೀರಲ್ಲಿ 0.5 ಮಿ.ಗ್ರಾಂ ಇದೆ ಅಂದುಕೊಳ್ಳಿ. ಒಂದು ಲೀಟರ್ ಫಿಲ್ಟರ್ ನೀರು ಕುಡಿದರೆ ಒಳಗೆ ಹೋಗುವುದು ಅರ್ಧ ಮಿ.ಗ್ರಾಂ. ಮುದ್ದೆ, ಅನ್ನ, ಸಾರು, ಟೀ ಎಲ್ಲ ಸೇರಿ ಇನ್ನೊಂದು ಲೀಟರ್ ಬೋರ್‌ವೆಲ್ ನೀರು ಹೊಟ್ಟೆಗೆ ಹೋದರೆ? ಮೂರು ಮಿ.ಗ್ರಾಂ! ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಟೀ ಸೊಪ್ಪಲ್ಲಿ ಮೊದಲೇ ಫ್ಲೋರೈಡ್ ಇರುತ್ತದೆ, ಅದು ಬೇರೆ.

ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 1 ಮಿ.ಗ್ರಾಂವರೆಗೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿ.ಗ್ರಾಂ. ಆದರೆ ಈ ಲೆಕ್ಕ ನೀರಿನದ್ದು, ಮನುಷ್ಯನದ್ದಲ್ಲ. ಒಬ್ಬರ ಒಳಗೆ ನಿಜಕ್ಕೂ ಎಷ್ಟು ಹೋಗುತ್ತಿದೆ ಎಂದು ತಿಳಿಯಲು ಮೂತ್ರವನ್ನೇ ನೋಡಬೇಕು. ಇಂಥ ಗುರುತುಗಳನ್ನೇ ಬಯೋಮಾರ್ಕರ್ ಎನ್ನುತ್ತೇವೆ. ಮೂತ್ರ ಹೇಳುವುದು ಈಚಿನ ಒಂದೆರಡು ದಿನದ ಕತೆ. ಉಗುರು ಕೆಲವು ತಿಂಗಳ ಹಿಂದಿನದ್ದು ಹೇಳುತ್ತದೆ. ಹಲ್ಲಿನ ಕಲೆ ಹೇಳುವುದು ಹಲ್ಲು ರೂಪುಗೊಳ್ಳುತ್ತಿದ್ದ ಎಳೆಯ ವಯಸ್ಸಿನದ್ದು. ಆ ಕಲೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ನನಗೆ ಮೂತ್ರದ ಮೇಲೆ ನಂಬಿಕೆ ಜಾಸ್ತಿ. (ಮಾದರಿಯನ್ನು ಗಾಜಿನ ಸೀಸೆಯಲ್ಲಿ ತರಬೇಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ತನ್ನಿ. ಫ್ಲೋರೈಡ್ ಗಾಜಿನ ಜೊತೆ ಬೆರೆಯುತ್ತದೆ.)

ಇದು ಬರೀ ಹಲ್ಲು, ಮೂಳೆಯ ಮಾತಲ್ಲ. ಭಾರತ, ಚೀನಾ, ಕೆನಡಾ, ಮೆಕ್ಸಿಕೊ ಮುಂತಾದ ದೇಶಗಳ ಅಧ್ಯಯನಗಳನ್ನು ವಿಷವಸ್ತುಗಳ ಅಧ್ಯಯನ ಮಾಡುವ ಅಮೆರಿಕ ಸರ್ಕಾರದ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ ಒಟ್ಟಿಗೆ ಪರಿಶೀಲಿಸಿ 2024ರಲ್ಲಿ ವರದಿ ಕೊಟ್ಟಿತು. ಲೀಟರಿಗೆ 1.5 ಮಿ.ಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಕಡಿಮೆ ಐಕ್ಯೂಗೂ ಸಂಬಂಧ ಇದೆ, ಈ ಬಗ್ಗೆ ತನಗಿರುವುದು ಮಧ್ಯಮ ಮಟ್ಟದ ಖಾತ್ರಿ ಎಂದು ಅದು ಹೇಳಿತು. ಸಂಬಂಧ ಇದೆ ಅಂದಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ, ನಿಜ. ಆದರೆ ನಮ್ಮ ಎಷ್ಟೋ ಊರುಗಳ ಬೋರ್‌ವೆಲ್ ಆ ಮಿತಿಯನ್ನು ದಾಟಿದೆ. ಕಾದು ನೋಡುವ ಧೈರ್ಯ ನನಗಿಲ್ಲ.

ಘಟಕಗಳ ಬಗ್ಗೆಯೂ ಒಂದು ಮಾತು. ಅಲ್ಲಿ ನೀರನ್ನು ಸೋಸುವ ಆರ್‌ಒ ಪೊರೆ ಚೆನ್ನಾಗಿದ್ದರೆ ಹೆಚ್ಚಿನ ಫ್ಲೋರೈಡ್ ತೆಗೆಯುತ್ತದೆ. ಪೊರೆ ಹಳೆಯದಾದರೆ ಅಷ್ಟು ತೆಗೆಯುವುದಿಲ್ಲ. ಟಿಡಿಎಸ್ ಮೀಟರ್ ತೋರಿಸುವುದು ಒಟ್ಟು ಲವಣವನ್ನು, ಫ್ಲೋರೈಡನ್ನಲ್ಲ. ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಮಳೆನೀರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೆಂಚಿನ ಮನೆಯಿರಲಿ, ಆರ್‌ಸಿಸಿ ಮನೆಯಿರಲಿ, ತೊಟ್ಟಿ ಕಟ್ಟಿಸಿಕೊಂಡವರನ್ನು ಕಂಡರೆ ನನಗೆ ತುಂಬಾ ಖುಷಿ.

ಆ ತಾಯಿ ಈಗ ದಿನಕ್ಕೆ ಒಂದು ಬಿಂದಿಗೆ ಫಿಲ್ಟರ್ ನೀರು ಹೆಚ್ಚಿಗೆ ತರುತ್ತಾರೆ, ಎಸರಿಗೆ, ಸಾರಿಗೆ. ಪಾತ್ರೆ ತೊಳೆಯಲು ನಲ್ಲಿ ನೀರೇ ಸಾಕು ಎಂದು ಹೇಳಿದ್ದೇನೆ. ಮತ್ತೆ ಪರೀಕ್ಷೆ ಮಾಡಿದಾಗ ಹುಡುಗಿಯದು ಇಳಿದಿತ್ತು. ಅದೇ ಮನೆಯ ಅಜ್ಜಿಯದು ಅಷ್ಟಾಗಿ ಇಳಿಯಲಿಲ್ಲ. ಸೊಸೆ ಗಾಬರಿಯಾದರು. ಅಜ್ಜಿಯ ಮೂಳೆಯಲ್ಲಿ ನಲವತ್ತು ವರ್ಷ ಕೂತ ಫ್ಲೋರೈಡ್ ಈಗ ನಿಧಾನಕ್ಕೆ ಹೊರಗೆ ಬರುತ್ತಿದೆ, ಬಿಂದಿಗೆ ನಿಲ್ಲಿಸಬೇಡಿ ಎಂದು ಹೇಳಿ ಬಂದೆ.