ಆಟದ ಲೋಕಕ್ಕೆ ಬಂದ ಸಾಂಕ್ರಾಮಿಕ

2005ರ ಸೆಪ್ಟೆಂಬರ್ 13ರಂದು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ಆಟಕ್ಕೆ ಒಂದು ಅಪ್‌ಡೇಟ್ ಬಂತು. ಅದರ ಜೊತೆ ಝುಲ್‌ಗುರುಬ್ ಎಂಬ ಹೊಸ ಜಾಗವೂ ತೆರೆಯಿತು. ದಟ್ಟ ಕಾಡಿನ ನಡುವೆ ಹಾಳುಬಿದ್ದ ನಗರ, ಅದರೊಳಗೆ ಹಕ್ಕಾರ್ ಎಂಬ ರಕ್ತದಾಹಿ ದೇವರು. ಕೆಲವೇ ದಿನಗಳಲ್ಲಿ ಹಕ್ಕಾರನ ಒಂದು ಮಂತ್ರ ಆ ಕಾಡು ದಾಟಿ ಹೊರಗೆ ಬಂತು. ಆಟದ ದೊಡ್ಡ ನಗರಗಳ ಬೀದಿಗಳಲ್ಲಿ ಎಲುಬುಗೂಡುಗಳು ರಾಶಿ ಬಿದ್ದವು. ಎರಡು ವರ್ಷದ ಬಳಿಕ ಇದೇ ಘಟನೆಯ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಬಂಧಗಳು ಪ್ರಕಟವಾದವು.

ಆಟ ಆಡದವರಿಗಾಗಿ ಈ ಲೋಕವನ್ನು ಸ್ವಲ್ಪ ಪರಿಚಯ ಮಾಡಿಕೊಡುತ್ತೇನೆ. ಇದರ ಹೆಸರು ಅಝರೋತ್. 2004ರ ನವೆಂಬರ್‌ನಲ್ಲಿ ಬ್ಲಿಝಾರ್ಡ್ ಕಂಪನಿ ಇದನ್ನು ಬಿಡುಗಡೆ ಮಾಡಿತು. ಮರುವರ್ಷದ ಕೊನೆಗೆ ದುಡ್ಡು ಕೊಟ್ಟು ಆಡುವವರ ಸಂಖ್ಯೆ 50 ಲಕ್ಷ ದಾಟಿತ್ತು. ಪ್ರತಿ ಆಟಗಾರನಿಗೂ ಒಂದು ಪಾತ್ರ. ಯೋಧ, ಬೇಟೆಗಾರ, ಮಾಂತ್ರಿಕ, ಗುಣಪಡಿಸುವ ಪುರೋಹಿತ, ಹೀಗೆ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಎಲ್ಲರೂ ಶುರು ಮಾಡುವುದು 1ನೇ ಲೆವೆಲ್‌ನಿಂದ. ಆಗ 60 ಕೊನೆಯ ಲೆವೆಲ್. ಅಲೈಯನ್ಸ್ ಮತ್ತು ಹೋರ್ಡ್ ಎಂಬ ಎರಡು ಪಕ್ಷಗಳು, ಅವುಗಳಿಗೆ ಬೇರೆ ಬೇರೆ ನಗರಗಳು. ಅಲೈಯನ್ಸ್‌ನವರ ಐರನ್‌ಫೋರ್ಜ್, ಹೋರ್ಡ್‌ನವರ ಓರ್ಗ್ರಿಮಾರ್ ಯಾವಾಗಲೂ ಗಿಜಿಗುಡುತ್ತಿದ್ದವು. ಬ್ಯಾಂಕು, ಹರಾಜುಕಟ್ಟೆ ಎಲ್ಲ ಅಲ್ಲೇ ಇದ್ದವು. ಜನ ಸುಮ್ನೆ ಹರಟುವುದಕ್ಕೂ ಅಲ್ಲೇ ನಿಲ್ಲುತ್ತಿದ್ದರು. ಜನ ಎಲ್ಲಿ ಗುಂಪುಗೂಡುತ್ತಾರೆ ಎಂಬುದು ಈ ಕಥೆಯಲ್ಲಿ ತುಂಬಾ ಮುಖ್ಯ.

ಹಕ್ಕಾರನನ್ನು ಸೋಲಿಸಲು 20 ಆಟಗಾರರು ಒಟ್ಟಿಗೆ ಹೋಗಬೇಕಿತ್ತು. ಕಾಳಗದ ನಡುವೆ ಅವನು 'ಕರಪ್ಟೆಡ್ ಬ್ಲಡ್' ಎಂಬ ಮಂತ್ರ ಹಾಕುತ್ತಾನೆ. ಅದು ತಗಲಿದ ಆಟಗಾರನ ಜೀವ ಕ್ಷಣಕ್ಷಣಕ್ಕೂ ಇಳಿಯುತ್ತದೆ. ಹತ್ತಿರ ನಿಂತವರಿಗೂ ಅಂಟುತ್ತದೆ. ಅದಕ್ಕೇ ಎಲ್ಲರೂ ದೂರ ದೂರ ನಿಂತು ಹೋರಾಡಬೇಕು. 60ನೇ ಲೆವೆಲ್‌ನ ಗಟ್ಟಿ ಆಟಗಾರ, ಪಕ್ಕದಲ್ಲಿ ಗುಣಪಡಿಸುವವನಿದ್ದರೆ, ಇದನ್ನು ತಡೆದುಕೊಳ್ಳಬಲ್ಲ. ಮಂತ್ರದ ಪ್ರಭಾವ ಕೆಲವೇ ಸೆಕೆಂಡು. ಝುಲ್‌ಗುರುಬ್ ಬಿಟ್ಟು ಹೊರಟರೆ ಅದು ಅಳಿಸಿಹೋಗಬೇಕು. ಇದು ಆಟ ಕಟ್ಟಿದವರ ಲೆಕ್ಕಾಚಾರ.

ಆದರೆ ಸಾಕುಪ್ರಾಣಿಗಳ ವಿಷಯದಲ್ಲಿ ಆ ಲೆಕ್ಕ ತಪ್ಪಿತು. ಬೇಟೆಗಾರರ ಜೊತೆ ತೋಳವೋ ಕರಡಿಯೋ ಇರುತ್ತಿತ್ತು. ಕೆಲವು ಮಾಂತ್ರಿಕರ ಜೊತೆ ಭೂತಗಳಿರುತ್ತಿದ್ದವು. ಬೇಡವಾದಾಗ ಇವನ್ನು ಮಾಯ ಮಾಡಬಹುದು, ಬೇಕಾದಾಗ ಮತ್ತೆ ಕರೆಯಬಹುದು. ರೋಗ ತಗಲಿದ ಪ್ರಾಣಿಯನ್ನು ಮಾಯ ಮಾಡಿದಾಗ ಅದರ ರೋಗವೂ ಹಾಗೇ ಉಳಿದುಕೊಳ್ಳುತ್ತಿತ್ತು. ಮಂತ್ರದ ಸೆಕೆಂಡು ಎಣಿಸುವ ಗಡಿಯಾರ ಅಲ್ಲಿಗೇ ನಿಲ್ಲುತ್ತಿತ್ತು. ಕಾಳಗ ಮುಗಿಸಿ, ಮಾಯಾಶಕ್ತಿಯಿಂದ ನೇರವಾಗಿ ಐರನ್‌ಫೋರ್ಜ್‌ಗೆ ಬಂದ ಬೇಟೆಗಾರ ಹರಾಜುಕಟ್ಟೆಯ ಮುಂದೆ ತನ್ನ ಪ್ರಾಣಿಯನ್ನು ಕರೆದ. ಕಾಡಿನ ರೋಗ ಕ್ಷಣಮಾತ್ರದಲ್ಲಿ ನಗರದ ನಡುಮಧ್ಯೆ ಬಂದುನಿಂತಿತು.

ವಿಜ್ಞಾನಿಗಳ ಗಮನ ಸೆಳೆದದ್ದರಲ್ಲಿ ಇದೂ ಒಂದು. ಇಸ್ರೇಲಿನ ಸಾಂಕ್ರಾಮಿಕ ರೋಗತಜ್ಞ ರಾನ್ ಬಾಲಿಸರ್ 2007ರಲ್ಲಿ 'ಎಪಿಡೆಮಿಯಾಲಜಿ' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ನಿಜಜೀವನದಲ್ಲೂ ಹೀಗೇ ಆಗುತ್ತದೆ. 2003ರಲ್ಲಿ ಸಾರ್ಸ್ ರೋಗ ಹಾಂಗ್‌ಕಾಂಗ್‌ನ ಒಂದೇ ಹೋಟೆಲಿನಿಂದ ಸಿಂಗಾಪುರ, ಹನೋಯ್, ಟೊರೊಂಟೊ ಸೇರಿದ್ದು ವಿಮಾನ ಹತ್ತಿದವರ ಮೂಲಕ. ಹಕ್ಕಿ ಜ್ವರದ ವೈರಸ್ ಹೊತ್ತ ಬಾತುಕೋಳಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ, ಆದರೆ ಅದರಿಂದ ಕೋಳಿಗಳು ಸಾಯುತ್ತವೆ.

ರೋಗ ನಗರಕ್ಕೆ ಬಂದಮೇಲೆ ಅಲ್ಲೇ ನೆಲೆ ನಿಂತದ್ದು ಹೇಗೆ? ಇಷ್ಟು ಬೇಗ ಕೊಲ್ಲುವ ರೋಗ ಸಾಮಾನ್ಯವಾಗಿ ತಾನೇ ಆರಿಹೋಗಬೇಕು. ಅಂಟಿಸುವವರೇ ಸತ್ತರೆ ಮುಂದೆ ದಾಟಿಸುವವರು ಯಾರು? ಇದಕ್ಕೆ ಉತ್ತರ ನಗರದ ಅಂಗಡಿಯವರು, ಕಾವಲುಗಾರರು. ಇವರು ಕಂಪ್ಯೂಟರ್ ನಡೆಸುವ ಪಾತ್ರಗಳು. ಇವರಿಗೂ ರೋಗ ಅಂಟುತ್ತಿತ್ತು, ಆದರೆ ಇವರು ಸಾಯುತ್ತಿರಲಿಲ್ಲ. ಬಂದುಹೋಗುವವರಿಗೆಲ್ಲ ಹಚ್ಚುತ್ತಾ ನಿಂತಿರುತ್ತಿದ್ದರು. ಮಲೆನಾಡಿನವರಿಗೆ ಈ ವಿಷಯ ಹೊಸದಲ್ಲ. ಮಂಗನ ಕಾಯಿಲೆಯಲ್ಲಿ ಮಂಗ ಸಾಯುತ್ತದೆ, ವೈರಸ್ ಮಾತ್ರ ಕಾಡಿನ ಉಣುಗುಗಳಲ್ಲಿ ಉಳಿದುಕೊಳ್ಳುತ್ತದೆ. ಅಂಥ ಆಸರೆ ಇರುವವರೆಗೂ ರೋಗ ಮತ್ತೆ ಮತ್ತೆ ಬರುತ್ತದೆ.

60ನೇ ಲೆವೆಲ್‌ನವರಿಗಾಗಿ ಮಾಡಿದ ಈ ಮಂತ್ರ 5ನೇ ಲೆವೆಲ್‌ನವರನ್ನು ಒಂದೇ ಏಟಿಗೆ ಕೊಲ್ಲುತ್ತಿತ್ತು. ಸತ್ತವರ ಆತ್ಮ ಸ್ಮಶಾನದಲ್ಲಿ ಎದ್ದು, ತನ್ನ ದೇಹ ಬಿದ್ದ ಜಾಗಕ್ಕೆ ಓಡಿಹೋಗಿ ಮತ್ತೆ ಜೀವ ಪಡೆಯುವುದು ಆಟದ ನಿಯಮ. ದೇಹ ಬಿದ್ದಿರುವುದು ರೋಗ ತುಂಬಿದ ನಗರದಲ್ಲಿ. ಎದ್ದ ತಕ್ಷಣ ಮತ್ತೆ ರೋಗ, ಮತ್ತೆ ಸಾವು. ಒಮ್ಮೆ ಬಂದರೆ ಮತ್ತೆ ಬರದಂತೆ ಕಾಯುವ ರೋಗನಿರೋಧಕ ಶಕ್ತಿ ಇಲ್ಲಿ ಯಾರಿಗೂ ಇರಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ, ಬೊಂಬಾಯಿಗೆ ಹೋಗೋಣ. ರೋಗ ಹರಡುವುದನ್ನು ಗಣಿತದಲ್ಲಿ ಹಿಡಿಯುವ ಪ್ರಸಿದ್ಧ ಮಾದರಿಯನ್ನು 1927ರಲ್ಲಿ ಎಡಿನ್‌ಬರೋದ ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಕೊಟ್ಟರು. ಮೆಕೆಂಡ್ರಿಕ್ ಭಾರತದಲ್ಲಿ ಸರ್ಕಾರಿ ವೈದ್ಯರಾಗಿ ಕೆಲಸ ಮಾಡಿದವರು, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿದ್ದವರು. ಕೆರ್ಮಾಕ್ ರಸಾಯನ ವಿಜ್ಞಾನಿ. ಪ್ರಯೋಗಾಲಯದ ಅಪಘಾತವೊಂದರಲ್ಲಿ ಕಣ್ಣು ಕಳೆದುಕೊಂಡಮೇಲೂ ಮನಸ್ಸಿನಲ್ಲೇ ಲೆಕ್ಕ ಮಾಡುತ್ತಿದ್ದವರು. ಜನರನ್ನು ಅವರು ಮೂರು ಗುಂಪು ಮಾಡಿದರು: ರೋಗ ಬರಬಹುದಾದವರು, ಬಂದವರು, ಗುಣವಾದವರು ಅಥವಾ ಸತ್ತವರು. ಒಂದು ಗುಂಪಿನಿಂದ ಇನ್ನೊಂದಕ್ಕೆ ಜನ ಯಾವ ವೇಗದಲ್ಲಿ ಹೋಗುತ್ತಾರೆ ಎಂಬುದಕ್ಕೆ ಸಮೀಕರಣ ಬರೆದರು. ಅದನ್ನು ಹೋಲಿಸಿ ನೋಡಿದ್ದು 1905-06ರ ಬೊಂಬಾಯಿ ಪ್ಲೇಗಿನ ಸಾವುಗಳ ಅಂಕಿಗಳ ಜೊತೆ. ರೇಖೆ ಚೆನ್ನಾಗಿಯೇ ಹೊಂದಿತು.

ಇವತ್ತಿಗೂ ಇದು ಉಪಯುಕ್ತ ಮಾದರಿ. ಆದರೆ ಇದರಲ್ಲಿ ಜನ ಒಂದು ಪಾತ್ರೆಯೊಳಗಿನ ಅಣುಗಳ ಹಾಗೆ ಓಡಾಡುತ್ತಾರೆ, ಡಿಕ್ಕಿಯಾಗುತ್ತಾರೆ. ಯಾರಿಗೂ ಹೆದರಿಕೆ ಇಲ್ಲ, ಯಾರಿಗೂ ಬುದ್ಧಿ ಇಲ್ಲ. ನಿಜವಾದ ಜನ ಹಾಗಿರುವುದಿಲ್ಲ ಅಲ್ವಾ? ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. 1898ರ ಪ್ಲೇಗಿನ ನಂತರ ಬೆಂಗಳೂರಿನ ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಹರಡಿಕೊಂಡರು. ರೋಗ ಜನರನ್ನು ಬದಲಾಯಿಸುತ್ತದೆ, ಬದಲಾದ ಜನ ರೋಗದ ದಾರಿಯನ್ನು ಬದಲಾಯಿಸುತ್ತಾರೆ. ಇದನ್ನು ಸಮೀಕರಣಕ್ಕೆ ತರುವುದು ಬಹಳ ಕಷ್ಟ. 'ಸಾಂಕ್ರಾಮಿಕ ಬಂದರೆ ಏನು ಮಾಡುತ್ತೀರಿ?' ಎಂದು ಕೇಳಿದರೆ ಎಲ್ಲರೂ ಒಳ್ಳೆಯ ಉತ್ತರವನ್ನೇ ಕೊಡುತ್ತಾರೆ. ಬಂದಾಗ ಮಾಡುವುದು ಬೇರೆ. ಪರೀಕ್ಷೆಗೆಂದು ನಿಜವಾದ ರೋಗವನ್ನು ಊರಿನಲ್ಲಿ ಬಿಡುವ ಹಾಗೂ ಇಲ್ಲ.

ಅಝರೋತ್‌ನಲ್ಲಿ ಅದು ತಾನಾಗಿಯೇ ಆಗಿಹೋಗಿತ್ತು. ಅಮೆರಿಕದ ಎರಿಕ್ ಲೋಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲೇ 'ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು. ಹಲವರು ನಗರ ಬಿಟ್ಟು ಹಳ್ಳಿಗಾಡಿಗೆ ಓಡಿದರು, ಅವರಲ್ಲಿ ಕೆಲವರು ರೋಗವನ್ನೂ ಹೊತ್ತೊಯ್ದರು. ಗುಣಪಡಿಸುವ ಶಕ್ತಿ ಇದ್ದವರು ಯಾರೂ ಕರೆಯದಿದ್ದರೂ ಓಡಿಬಂದು ಅಪರಿಚಿತರನ್ನು ಉಳಿಸಲು ನಿಂತರು. ಈ ಒಳ್ಳೆಯತನದಲ್ಲೂ ಒಂದು ತೊಡಕಿತ್ತು. ಅವರು ತುಂಬುತ್ತಿದ್ದದ್ದು ಜೀವವನ್ನು, ರೋಗವನ್ನು ತೆಗೆಯಲು ಆಗುತ್ತಿರಲಿಲ್ಲ. ಹಾಗಾಗಿ ರೋಗಿ ಹೆಚ್ಚು ಹೊತ್ತು ಬದುಕಿ ಹೆಚ್ಚು ಜನರಿಗೆ ಅಂಟಿಸಿದ. ಇನ್ನು ಕೆಲವರು ಬೇಕೆಂದೇ ರೋಗ ಹಚ್ಚಿಕೊಂಡು ಜನಸಂದಣಿಗೆ ನುಗ್ಗಿದರು. ಬ್ಲಿಝಾರ್ಡ್ ದಿಗ್ಬಂಧನ ಹಾಕಲು ನೋಡಿತು. ಪಾಲಿಸಿದವರು ಕಡಿಮೆ, ಲೆಕ್ಕಕ್ಕೇ ತೆಗೆದುಕೊಳ್ಳದವರು ಜಾಸ್ತಿ. ಕೊನೆಗೆ ಸರ್ವರ್‌ಗಳನ್ನೇ ರೀಸೆಟ್ ಮಾಡಿ, ಸಾಕುಪ್ರಾಣಿಗಳಿಗೆ ರೋಗ ಅಂಟದಂತೆ ಆಟದ ನಿಯಮ ಬದಲಿಸಬೇಕಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು ಗುಂಪು. ಇವರು ಓಡಲೂ ಇಲ್ಲ, ಸಹಾಯ ಮಾಡಲೂ ಇಲ್ಲ, ಕೇಡು ಬಯಸಲೂ ಇಲ್ಲ. ಏನಾಗುತ್ತಿದೆ ಎಂದು ನೋಡಿಬರಲು ಹೋದರು. ಒಂದು ನಿಮಿಷ ಇಣುಕಿ ವಾಪಸ್ ಬರೋಣ ಎಂದುಕೊಂಡವರು. ಹಳೆಯ ಮಾದರಿಗಳಲ್ಲಿ ಕುತೂಹಲಕ್ಕೆ ಜಾಗವೇ ಇರಲಿಲ್ಲ. ಹೆದರಿಕೆಯನ್ನು ಯಾರಾದರೂ ಊಹಿಸುತ್ತಾರೆ, ಇದನ್ನು ಊಹಿಸುವುದು ಕಷ್ಟ. ವಿಪತ್ತಿನ ಜಾಗಕ್ಕೆ ಸುದ್ದಿಗಾಗಿ ಹೋಗಿಬರುವ ಪತ್ರಕರ್ತರ ಉದಾಹರಣೆ ಕೊಟ್ಟು ಫೆಫರ್‌ಮನ್ ಇದನ್ನು ವಿವರಿಸಿದ್ದಾರೆ. ಎಲ್ಲೋ ಬೆಂಕಿ ಬಿದ್ದಿದೆ ಎಂದರೆ ನಮ್ಮ ಬೀದಿಯಲ್ಲೂ ಜನ ಮೊದಲು ಆ ಕಡೆಗೇ ನಡೆಯುತ್ತಾರೆ.

ಆಟದಲ್ಲಿ ಜನ ನಡೆದುಕೊಂಡ ರೀತಿಯಿಂದ ನಿಜಜೀವನದ ಬಗ್ಗೆ ಕಲಿಯಬಹುದು ಎಂಬ ವಾದಕ್ಕೆ ಬಲವಾದ ಆಕ್ಷೇಪವೂ ಇದೆ. ಆಟದಲ್ಲಿ ಸಾವು ಅಗ್ಗ. ಎರಡು ನಿಮಿಷ ಓಡಿ ಮತ್ತೆ ಎದ್ದು ಬರುವವನ ಧೈರ್ಯವನ್ನು, ಮನೆಯಲ್ಲಿ ಮಕ್ಕಳಿರುವವನ ಧೈರ್ಯಕ್ಕೆ ಹೋಲಿಸುವುದು ಹೇಗೆ? ಇದು ಸರಿಯಾದ ಪ್ರಶ್ನೆ. ಕಂಪನಿ ಇದನ್ನು ಪ್ರಯೋಗ ಎಂದು ಮಾಡಿರಲಿಲ್ಲ, ಹಾಗಾಗಿ ಸಂಶೋಧಕರಿಗೆ ಬೇಕಾದಂಥ ದಾಖಲೆಯೂ ಇರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಬ್ಲಿಝಾರ್ಡ್ ಬೇಕೆಂದೇ ಆಟದೊಳಗೆ ಒಂದು ಪಿಡುಗು ಬಿಟ್ಟಿತು. ರೋಗ ಬಂದವರು ಸ್ವಲ್ಪ ಹೊತ್ತಿಗೆ ಜೊಂಬಿ ಆಗುತ್ತಿದ್ದರು. ಜೊಂಬಿಯಾಗಿ ಬೇರೆಯವರನ್ನು ಅಟ್ಟಿಸಿಕೊಂಡು ಹೋಗುವುದರಲ್ಲೇ ಮಜಾ ಇತ್ತು. ಹಾಗಾಗಿ ರೋಗದಿಂದ ತಪ್ಪಿಸಿಕೊಳ್ಳುವ ಜನರ ನಡವಳಿಕೆ ತಿಳಿಯಲು ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಸಾವು ಅಗ್ಗವಲ್ಲದ ಅಝರೋತ್ ಈಗ ಇದೆ. 2023ರ ಆಗಸ್ಟ್‌ನಲ್ಲಿ ಬ್ಲಿಝಾರ್ಡ್ 'ಹಾರ್ಡ್‌ಕೋರ್' ಸರ್ವರ್‌ಗಳನ್ನು ತೆರೆಯಿತು. ಅಲ್ಲಿ ಒಮ್ಮೆ ಸತ್ತರೆ ಆ ಪಾತ್ರದ ಕಥೆ ಅಷ್ಟೇ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರವಾದರೂ ಆ ಸರ್ವರ್‌ನ ಆಟಕ್ಕೆ ಮರಳುವುದಿಲ್ಲ. ಅಲ್ಲಿ ಜನ ಆಡುವ ರೀತಿಯೇ ಬೇರೆ. ಗುಹೆಯ ಬಾಗಿಲಲ್ಲಿ ನಿಂತು ಯೋಚಿಸುತ್ತಾರೆ, ಜೊತೆ ಸಿಗುವವರೆಗೆ ಕಾಯುತ್ತಾರೆ. ಇಂಥ ಲೋಕದಲ್ಲಿ, ಆಟಗಾರರ ಒಪ್ಪಿಗೆ ಪಡೆದು, ಯಾರು ಎಲ್ಲಿಗೆ ಹೋದರು, ಯಾರು ಯಾರ ಹತ್ತಿರ ನಿಂತರು ಎಂಬುದನ್ನೆಲ್ಲ ಮೊದಲ ದಿನದಿಂದಲೇ ದಾಖಲಿಸುತ್ತಾ ಒಂದು ರೋಗವನ್ನು ಬಿಟ್ಟು ನೋಡಬೇಕು ಎಂಬುದು ನನ್ನ ಆಸೆ. ಪಾತ್ರವನ್ನೇ ಕಳೆದುಕೊಳ್ಳುವ ಭಯ ಇದ್ದಾಗಲೂ ಇಣುಕಿ ನೋಡಲು ಎಷ್ಟು ಜನ ಹೋಗುತ್ತಾರೆ ಎಂಬುದು ಆಗ ಅಂಕಿಯಲ್ಲೇ ಸಿಗುತ್ತದೆ.