ಐದು ದಿನವಾದರೂ ಮಂಚದ ಕೆಳಗಿನಿಂದ ಬರುತ್ತಿಲ್ಲ

ಪ್ರಶ್ನೆ: ಐದು ದಿನಗಳ ಹಿಂದೆ ಬೆಂಗಳೂರಿನ ಪ್ರಾಣಿ ಆಶ್ರಯಧಾಮವೊಂದರಿಂದ ಎರಡು ವರ್ಷದ ಹೆಣ್ಣು ನಾಯಿಯನ್ನು ದತ್ತು ತಂದೆವು. ಬಂದ ದಿನದಿಂದ ಮಂಚದ ಕೆಳಗೇ ಮುದುಡಿಕೊಂಡಿದೆ. ನಾವು ಎದುರಿಗಿದ್ದರೆ ಊಟ ಮುಟ್ಟುವುದಿಲ್ಲ. ಕರೆದರೆ ಇನ್ನೂ ಮೂಲೆಗೆ ಸರಿಯುತ್ತದೆ. ನೋಡಲು ಹೋದಾಗ ಬಾಲ ಅಲ್ಲಾಡಿಸುತ್ತ ಬಂದು ಕೈ ನೆಕ್ಕಿದ ನಾಯಿ ಇದೇನಾ ಅನ್ನಿಸುತ್ತದೆ. ಮಗಳು ದಿನವೂ ಅಳುತ್ತಾಳೆ. ನಮ್ಮ ಮನೆ ಅದಕ್ಕೆ ಹಿಡಿಸಲಿಲ್ಲವೇ? ವಾಪಸ್ ಬಿಟ್ಟುಬರುವುದೇ ವಾಸಿಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಮನೆಯಲ್ಲಿ ಒಂದು ಮಗು ಅಳುತ್ತಿದೆಯಲ್ಲ. ವಾಪಸ್ ಬಿಡಬೇಡಿ. ನಿಮ್ಮ ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ನಾಯಿ ಬೇರು ಬಿಡುವ ಲೆಕ್ಕದಲ್ಲಿ ಐದು ದಿನ ಏನೇನೂ ಸಾಲದು. ಮಂಚದ ಕೆಳಗೆ ಕುಳಿತು ಅದು ನಿಮ್ಮನ್ನು ತಿರಸ್ಕರಿಸುತ್ತಿಲ್ಲ, ನಿಮ್ಮನ್ನು ಓದುತ್ತಿದೆ. ಯಾರ ಹೆಜ್ಜೆ ಭಾರ, ಯಾರ ದನಿ ಜೋರು, ಯಾವ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದೆಲ್ಲ ಅಲ್ಲಿಂದಲೇ ಅದಕ್ಕೆ ತಿಳಿಯುತ್ತಿದೆ.

ಆಶ್ರಯಧಾಮದಲ್ಲಿ ಬಾಲ ಅಲ್ಲಾಡಿಸುತ್ತಿದ್ದ ನಾಯಿ ಇಲ್ಲಿ ಏಕೆ ಹೀಗಾಯಿತು ಎಂದು ಬಹಳ ಮಂದಿ ಕೇಳುತ್ತಾರೆ. ಅಲ್ಲಿ ಎಷ್ಟೇ ಗದ್ದಲವಿರಲಿ, ನಾಯಿಗೆ ಆ ಜಾಗದ ಲೆಕ್ಕ ಸಿಕ್ಕಿತ್ತು. ಅನ್ನದ ಪಾತ್ರೆ ಯಾವಾಗ ಬರುತ್ತದೆ, ಗೇಟು ತೆರೆಯುವವರು ಯಾರು, ಯಾವ ನಾಯಿಯ ಪಕ್ಕ ಮಲಗಿದರೆ ಕಚ್ಚಾಟವಿಲ್ಲ ಎಂಬುದು ಗೊತ್ತಿತ್ತು. ಒಂದು ಗಂಟೆಯ ಕಾರಿನ ಪ್ರಯಾಣದಲ್ಲಿ ಅದೆಲ್ಲವೂ ಅಳಿಸಿಹೋಯಿತು.

ಇದು ನಾಯಿಯ ಮೈಯಲ್ಲೂ ಕಾಣುವ ಸಂಗತಿ. ಭಯ, ಒತ್ತಡಗಳಾದಾಗ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅಮೆರಿಕದ ಒಹಾಯೊದಲ್ಲಿ ಮೈಕೆಲ್ ಹೆನೆಸಿ ಮತ್ತು ಸಂಗಡಿಗರು ಆಶ್ರಯಧಾಮವೊಂದರ ನಾಯಿಗಳ ರಕ್ತ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಬಂದ ನಾಯಿಗಳಲ್ಲಿ ಮೊದಲ ಮೂರು ದಿನ ಈ ಹಾರ್ಮೋನು ಮನೆಯಲ್ಲಿದ್ದ ಸಾಕುನಾಯಿಗಳಿಗಿಂತ ಬಹಳ ಹೆಚ್ಚಿತ್ತು. ಅಲ್ಲೇ ಹೆಚ್ಚು ದಿನ ಕಳೆದ ನಾಯಿಗಳಲ್ಲಿ ಅದು ಇಳಿದಿತ್ತು. ಜಾಗ ಬದಲಾದರೆ ಜೀವ ತಲ್ಲಣಿಸುತ್ತದೆ, ಹೋದದ್ದು ಒಳ್ಳೆಯ ಜಾಗಕ್ಕೇ ಆದರೂ. 2019ರಲ್ಲಿ ಲೀಸಾ ಗುಂಟರ್ ಮತ್ತು ಜೊತೆಗಾರರು ಪ್ರಕಟಿಸಿದ ಇನ್ನೊಂದು ಅಧ್ಯಯನ ನಿಮಗೆ ಧೈರ್ಯ ಕೊಡಬೇಕು. ಐದು ಆಶ್ರಯಧಾಮಗಳ ನಾಯಿಗಳನ್ನು ಒಂದೆರಡು ರಾತ್ರಿಯ ಮಟ್ಟಿಗೆ ಮನೆಗಳಿಗೆ ಕಳುಹಿಸಿದಾಗ ಕಾರ್ಟಿಸಾಲ್ ಇಳಿಯಿತು, ವಾಪಸ್ ತಂದಾಗ ಮತ್ತೆ ಹಿಂದಿನ ಮಟ್ಟಕ್ಕೆ ಏರಿತು. ನಿಮ್ಮ ನಾಯಿಯನ್ನು ಹಿಂದಕ್ಕೆ ಕಳುಹಿಸಿದರೆ ಅದಕ್ಕೆ ಸಿಗುವುದು ಇನ್ನೊಂದು ತಲ್ಲಣ.

ದತ್ತು ಕೊಡುವವರ ಬಾಯಲ್ಲಿ ‘ಮೂರು ದಿನ, ಮೂರು ವಾರ, ಮೂರು ತಿಂಗಳು’ ಎಂಬ ಮಾತನ್ನು ನೀವು ಕೇಳಿರಬಹುದು. ಮೂರು ದಿನ ಬೆದರಿಕೆ, ಮೂರು ವಾರಕ್ಕೆ ದಿನಚರಿಯ ಅಭ್ಯಾಸ, ಮೂರು ತಿಂಗಳಿಗೆ ಇದು ನನ್ನ ಮನೆ ಎಂಬ ಭಾವ. ಅನುಭವಸ್ಥರು ಕಟ್ಟಿಕೊಂಡ ಅಂದಾಜು ಇದು. ಕೆಲವು ನಾಯಿಗಳು ಎರಡನೆಯ ದಿನವೇ ಸೋಫಾ ಏರುತ್ತವೆ, ಕೆಲವಕ್ಕೆ ಆರು ತಿಂಗಳೂ ಸಾಲದು. ಪಂಚಾಂಗದಂತೆ ದಿನ ಎಣಿಸಬೇಡಿ.

ನಮ್ಮ ಕೆಂಚಿಯ ವಿಷಯ ಹೇಳುತ್ತೇನೆ. ಅವಳೂ ಆಶ್ರಯಧಾಮದಿಂದ ಬಂದ ಬೀದಿ ನಾಯಿಯೇ. ಬಂದವಳು ಅಡುಗೆಮನೆಯಲ್ಲಿ ರಾಗಿ ಡಬ್ಬಕ್ಕೂ ಗೋಡೆಗೂ ನಡುವಿನ ಎರಡು ಗೇಣಿನ ಸಂದಿಯನ್ನು ಹುಡುಕಿಕೊಂಡಳು. ಹಗಲಿಡೀ ಕದಲಲಿಲ್ಲ. ರಾತ್ರಿ ಎರಡರ ಸುಮಾರಿಗೆ ನೆಲದ ಮೇಲೆ ಉಗುರಿನ ಟಿಕ್ ಟಿಕ್ ಸದ್ದಾಯಿತು. ನಾವು ಉಸಿರು ಬಿಗಿಹಿಡಿದು ಮಲಗಿದ್ದೆವು. ಲೊಚಲೊಚ ನೀರು ಕುಡಿದಳು, ಸ್ವಲ್ಪ ಹೊತ್ತು ಮೌನ, ಮತ್ತೆ ಅದೇ ಟಿಕ್ ಟಿಕ್ ಸಂದಿಯತ್ತ ಹೋಯಿತು. ಬೆಳಿಗ್ಗೆ ನೋಡಿದರೆ ಬೋಗುಣಿಯ ನೀರು ಎರಡು ಬೆರಳು ಇಳಿದಿತ್ತು, ಅನ್ನದ ತಟ್ಟೆಯ ಒಂದು ಅಂಚು ಮಾತ್ರ ಖಾಲಿಯಾಗಿತ್ತು. ಅಷ್ಟಕ್ಕೇ ಮನೆಯಲ್ಲಿ ಹಬ್ಬ.

ನಾಲ್ಕನೆಯ ದಿನ ಅಮ್ಮ ಜೇಡರ ಬಲೆ ತೆಗೆಯಲು ಕಡ್ಡಿಪೊರಕೆಯನ್ನು ಮೇಲೆತ್ತಿದರು. ಆಗಷ್ಟೇ ಸಂದಿಯಿಂದ ಹೊರಗೆ ಬಂದಿದ್ದ ಕೆಂಚಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನೆಲಕ್ಕೆ ಅಂಟಿಕೊಂಡಳು. ಕಿವಿ ಎರಡೂ ತಲೆಗೆ ಒತ್ತಿಕೊಂಡಿದ್ದವು, ಕಣ್ಣಿನ ಬಿಳಿ ಕಾಣುತ್ತಿತ್ತು. ಯಾವ ಅಂಗಳದಲ್ಲಿ ಯಾರ ಪೊರಕೆ ಅವಳ ಬೆನ್ನಿನ ಮೇಲೆ ಬಿದ್ದಿತ್ತೋ. ಅಮ್ಮ ಪೊರಕೆಯನ್ನು ಅಲ್ಲೇ ಬಿಟ್ಟು ಕುಳಿತುಬಿಟ್ಟರು. ಮರುದಿನದಿಂದ ಪೊರಕೆಯನ್ನು ನೆಲದ ಮೇಲೆ ಮಲಗಿಸಿ, ಅದರ ಪಕ್ಕ ಚಪಾತಿ ಚೂರು ಇಡತೊಡಗಿದರು. ಮೊದಲು ನಾಲ್ಕು ಅಡಿ ದೂರ, ಆಮೇಲೆ ಮೂರು, ಆಮೇಲೆ ಪೊರಕೆಯ ಮೇಲೆಯೇ. ಹೀಗೆ ಎರಡು ತಿಂಗಳು ಹಿಡಿಯಿತು. ಈಗ ಅಮ್ಮ ಗುಡಿಸಲು ಹೊರಟರೆ ಕೆಂಚಿ ಪೊರಕೆಯ ಹಿಂದೆಯೇ ಮೂಸುತ್ತ ಹೋಗುತ್ತಾಳೆ.

ನಿಮ್ಮ ನಾಯಿಯ ಕಿವಿಯನ್ನು ಒಮ್ಮೆ ನೋಡಿ. ಅಂಚಿನಲ್ಲಿ ಚಿಕ್ಕ ಕಚ್ಚು ಇದ್ದರೆ, ಅದು ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿ ನಾಯಿಯ ಗುರುತು. ಅಂದರೆ ಎಂದೋ ಒಂದು ದಿನ ಅಪರಿಚಿತರು ಅದನ್ನು ಹಿಡಿದು ವಾಹನಕ್ಕೆ ಏರಿಸಿದ್ದಾರೆ. ಮೇಲಿನಿಂದ ಇಳಿದು ಬರುವ ಕೈ ಎಂದರೆ ಅಂಥ ನಾಯಿಗೆ ಹಿಡಿಯುವ ಕೈ. ನೀವು ಮುದ್ದಿಸಲು ಕೈ ಚಾಚಿದಾಗ ಅದು ಹಿಂದೆ ಸರಿದರೆ ಬೇಸರ ಮಾಡಿಕೊಳ್ಳಬೇಡಿ.

ಹಾಗಾಗಿ ಮಂಚದ ಕೆಳಗಿನಿಂದ ಅದನ್ನು ಎಳೆಯಬೇಡಿ. ಬಗ್ಗಿ ಇಣುಕಿ ‘ಬಾರೇ ಬಾರೇ’ ಎಂದು ಕರೆಯುವುದನ್ನೂ ನಿಲ್ಲಿಸಿ, ಟಾರ್ಚು ಬಿಡುವುದಂತೂ ಬೇಡವೇ ಬೇಡ. ಅಡಗುವ ಜಾಗ ಇದ್ದರೆ ಪ್ರಾಣಿ ಬೇಗ ಹೊರಗೆ ಬರುತ್ತದೆ, ಕೇಳಲು ವಿಚಿತ್ರವೆನಿಸಿದರೂ ಇದು ನಿಜ. ನೆದರ್‌ಲ್ಯಾಂಡ್ಸ್‌ನಲ್ಲಿ ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಬೇಗ ಶಾಂತವಾದವು. ಬೆಕ್ಕು ದತ್ತು ತಂದವರು ಒಂದು ರಟ್ಟಿನ ಡಬ್ಬವನ್ನು ಅಡ್ಡ ಮಲಗಿಸಿಟ್ಟರೆ ಸಾಕು. ನಿಮ್ಮ ನಾಯಿಗೆ ಮಂಚದ ಕೆಳಗೆ ಹಳೆಯ ಹತ್ತಿಸೀರೆಯೊಂದನ್ನು ಮಡಿಸಿ ಹಾಸಿ.

ಇನ್ನು ನಮ್ಮ ಮನೆಗಳನ್ನು ನಾಯಿಯ ಕಿವಿಯಿಂದ ಕೇಳಿಸಿಕೊಳ್ಳಿ. ಬೆಳಿಗ್ಗೆ ಏಳಕ್ಕೆ ಕುಕ್ಕರಿನ ಸೀಟಿ, ಅದರ ಬೆನ್ನಿಗೇ ಚಟ್ನಿ ರುಬ್ಬುವ ಮಿಕ್ಸಿ, ಬಾತ್‌ರೂಮಿನಲ್ಲಿ ಬಕೆಟ್ಟಿಗೆ ಧೋ ಎಂದು ಬೀಳುವ ನೀರು. ಬೀದಿಯಲ್ಲಿ ಲಾರಿಯ ಹಾರನ್ನಿಗೆ ಕಿವಿಗೊಡದ ನಾಯಿ ಮಿಕ್ಸಿಗೆ ನಡುಗುತ್ತದೆ, ಏಕೆಂದರೆ ಇಲ್ಲಿ ಓಡಿಹೋಗಲು ದಾರಿಯಿಲ್ಲ. ಕೆಲವು ದಿನ ಮಿಕ್ಸಿ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ. ನಯವಾದ ಟೈಲ್ಸ್ ನೆಲವೂ ಅದಕ್ಕೆ ಹೊಸತು. ಮಣ್ಣಿನ ಮೇಲೆ ಬೆಳೆದ ಕಾಲು ಅಲ್ಲಿ ಜಾರುತ್ತದೆ, ಒಮ್ಮೆ ಜಾರಿದ ನಾಯಿ ಮತ್ತೆ ಆ ಕಡೆ ಕಾಲಿಡಲು ಹಿಂಜರಿಯುತ್ತದೆ. ಮಂಚದಿಂದ ನೀರಿನ ಬೋಗುಣಿಯವರೆಗೆ ಗೋಣಿಚೀಲ ಅಥವಾ ಹಳೆಯ ಜಮಖಾನ ಹಾಸಿಕೊಡಿ. ಅದೊಂದು ರಸ್ತೆಯಾಗುತ್ತದೆ. ಲಿಫ್ಟಿಗೆ ಒತ್ತಾಯಿಸಬೇಡಿ. ಎರಡು ಮೂರು ಮಹಡಿಯಾದರೆ ಮೆಟ್ಟಿಲೇ ಸಾಕು.

ನೆಂಟರಿಷ್ಟರಿಗೆ ಎರಡು ವಾರ ಬರಬೇಡಿ ಎಂದು ಹೇಳಿಬಿಡಿ. ನಮ್ಮಲ್ಲಿ ಹೊಸ ಜೀವ ಮನೆಗೆ ಬಂದರೆ ನೋಡಲು ಬರುವುದು ಪ್ರೀತಿಯ ಪದ್ಧತಿ, ನನಗೂ ಅದು ಇಷ್ಟ. ಆದರೆ ನಾಯಿಗೆ ಪ್ರತಿ ಹೊಸ ಮುಖವೂ ಇನ್ನೊಂದು ಲೆಕ್ಕ.

ಊಟದ ವಿಷಯ. ನೀವಿಲ್ಲದಾಗ ತಿನ್ನುತ್ತಿದ್ದರೆ ಚಿಂತೆಯಿಲ್ಲ. ತಟ್ಟೆ ಇಟ್ಟು ಕೋಣೆಯಿಂದ ಹೊರಗೆ ಬನ್ನಿ, ಅರ್ಧ ಗಂಟೆಯ ನಂತರ ತೆಗೆಯಿರಿ. ಆಶ್ರಯಧಾಮದಲ್ಲಿ ಏನು ಕೊಡುತ್ತಿದ್ದರು ಎಂದು ಫೋನ್ ಮಾಡಿ ಕೇಳಿ, ಮೊದಲ ವಾರ ಅದನ್ನೇ ಕೊಡಿ. ಕೋಳಿ ಬೇಯಿಸಿದ ಅನ್ನಕ್ಕೆ ಒಗ್ಗಿದ ಹೊಟ್ಟೆಗೆ ದಿಢೀರನೆ ದುಬಾರಿ ಒಣ ಆಹಾರ ಸುರಿದರೆ ಭೇದಿ ಗ್ಯಾರಂಟಿ. ಬದಲಿಸಬೇಕೆಂದಿದ್ದರೆ ಏಳರಿಂದ ಹತ್ತು ದಿನ ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ. ಮಿಕ್ಕಿದ ಹುಳಿಯನ್ನ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷವಾಗಬಲ್ಲವು. ಚಾಕೊಲೇಟೂ ವಿಷವೇ. ಮಗಳಿಗೆ ಇದನ್ನು ಈಗಲೇ ಹೇಳಿಡಿ.

ಎಲ್ಲ ಮಂಕುತನವೂ ಭಯದ್ದೇ ಎಂದು ತಿಳಿಯಬಾರದು. ಆಶ್ರಯಧಾಮದಲ್ಲಿ ಅಂಟಿದ ಸೋಂಕು ಮನೆಗೆ ಬಂದ ಒಂದೆರಡು ವಾರದಲ್ಲಿ ತಲೆಯೆತ್ತಬಹುದು. ಎರಡು ದಿನ ಪೂರ್ತಿ ಏನೂ ತಿನ್ನದಿದ್ದರೆ, ನೀರು ಕುಡಿಯದಿದ್ದರೆ, ವಾಂತಿ ಮತ್ತು ರಕ್ತ ಬೆರೆತ ಭೇದಿಯಾದರೆ, ಕಣ್ಣು ಮೂಗಿನಿಂದ ಗಟ್ಟಿ ಸಿಂಬಳ ಸುರಿದರೆ, ಒಸಡು ಬಿಳಿಚಿಕೊಂಡರೆ, ಮೂಗಿನಿಂದ ರಕ್ತ ಬಂದರೆ ಕಾಯದೆ ಪಶುವೈದ್ಯರ ಬಳಿಗೆ ಹೋಗಿ. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ವೈರಸ್ ರೋಗಗಳು, ಉಣ್ಣೆ ಹುಳು ಕಚ್ಚಿ ಬರುವ ಜ್ವರ, ಈ ಮೂರೂ ನಮ್ಮ ಕಡೆ ಸಾಮಾನ್ಯ, ಮೂರರಲ್ಲೂ ತಡವಾದರೆ ಜೀವಕ್ಕೆ ಅಪಾಯ. ಮರಿಯಾದರೆ ಎರಡು ದಿನವೂ ಕಾಯುವಂತಿಲ್ಲ. ಲಸಿಕೆ ಮತ್ತು ಜಂತುಹುಳು ಮಾತ್ರೆಯ ಚೀಟಿಯನ್ನು ಆಶ್ರಯಧಾಮದಿಂದ ಪಡೆದುಕೊಂಡಿಲ್ಲವಾದರೆ ಇಂದೇ ಕೇಳಿ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಭಯಪಡುವ ವಿಷಯ. ದತ್ತು ಬಂದ ನಾಯಿ ಮೊದಲ ವಾರಗಳಲ್ಲಿ ತಪ್ಪಿಸಿಕೊಂಡರೆ ವಾಪಸ್ ಬರುವ ದಾರಿ ಅದಕ್ಕೆ ಗೊತ್ತಿಲ್ಲ, ನಿಮ್ಮ ದನಿಯನ್ನು ನಂಬುವಷ್ಟು ಪರಿಚಯವೂ ಆಗಿಲ್ಲ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿ ತಲೆಯ ಮೇಲಿಂದ ಸುಲಭವಾಗಿ ಕಳಚುತ್ತದೆ. ಎದೆಗೆ ಸುತ್ತುವ ಹಾರ್ನೆಸ್ ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ ಕಟ್ಟಿ ಎರಡನ್ನೂ ಕೈಯಲ್ಲಿ ಹಿಡಿಯಿರಿ. ಕೊರಳಪಟ್ಟಿಯ ಮೇಲೆ ನಿಮ್ಮ ಮೊಬೈಲ್ ನಂಬರ್ ಅಳಿಸದ ಶಾಯಿಯಲ್ಲಿ ಬರೆದಿರಲಿ. ಹಾಲು ಹಾಕುವವರು, ಕೊರಿಯರ್ ತರುವವರು ಬಂದಾಗ ಮುಂಬಾಗಿಲು ತೆರೆಯುವ ಮುನ್ನ ನಾಯಿ ಎಲ್ಲಿದೆ ಎಂದು ನೋಡುವುದು ಮನೆಮಂದಿಗೆಲ್ಲ ಅಭ್ಯಾಸವಾಗಬೇಕು. ದೀಪಾವಳಿ ಹತ್ತಿರವಿದ್ದರೆ ಪಟಾಕಿಯ ಹೊತ್ತಿನಲ್ಲಿ ಹೊರಗೆ ಕರೆದೊಯ್ಯಲೇಬೇಡಿ. ಸಂಜೆಗೆ ಮುಂಚೆಯೇ ವಾಕಿಂಗ್ ಮುಗಿಸಿ.

ಮನೆಯೊಳಗೆ ಉಚ್ಚೆ ಮಾಡಿದರೆ ಬೈಯಬೇಡಿ. ಸಿಮೆಂಟು ನೆಲದ ಗೂಡಿನಲ್ಲಿ ತಿಂಗಳುಗಟ್ಟಲೆ ಇದ್ದ ನಾಯಿಗೆ ನಿಮ್ಮ ಹಾಲ್ ಕೂಡ ಅಂಥದೇ ನೆಲ. ಎದ್ದ ತಕ್ಷಣ, ಉಂಡ ತಕ್ಷಣ, ಮಲಗುವ ಮುನ್ನ ಮಣ್ಣಿರುವ ಕಡೆಗೆ ಕರೆದೊಯ್ಯಿರಿ. ಬೀದಿಯಲ್ಲಿ ಬೆಳೆದ ನಾಯಿಗಳು ಮಣ್ಣು ಕಂಡರೆ ಬಹಳ ಬೇಗ ಕಲಿಯುತ್ತವೆ.

ಮೂರನೆಯ ವಾರದ ಬಗ್ಗೆ ಮುಂಚಿತವಾಗಿ ಎಚ್ಚರಿಸುತ್ತೇನೆ. ಅಲ್ಲಿಯವರೆಗೆ ‘ಪಾಪದ ನಾಯಿ’ ಆಗಿದ್ದದ್ದು ಆಗ ಬೊಗಳತೊಡಗುತ್ತದೆ, ಚಪ್ಪಲಿ ಕಡಿಯುತ್ತದೆ, ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುತ್ತದೆ. ನಾಯಿ ಕೆಟ್ಟಿತು ಎಂದುಕೊಂಡು ಮರಳಿಸಲು ಹೊರಡುವವರಿದ್ದಾರೆ. ನನ್ನ ಎಣಿಕೆಯಲ್ಲಿ ಅದು ಒಳ್ಳೆಯ ಸೂಚನೆ. ಭಯ ಇಳಿದಿರುವುದರಿಂದಲೇ ಅದಕ್ಕೆ ತನ್ನ ಇಷ್ಟಾನಿಷ್ಟ ಹೇಳುವ ಧೈರ್ಯ ಬಂದಿದೆ. ಗುರ್ ಎಂದಾಗ ಹೊಡೆಯಬೇಡಿ. ಗುರುಗುಟ್ಟುವುದು ಕಚ್ಚುವ ಮೊದಲಿನ ಎಚ್ಚರಿಕೆ. ಅದನ್ನು ಹೊಡೆದು ಅಡಗಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಹಲ್ಲು ಬರುತ್ತದೆ. ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದಿದ್ದರೂ ಆಕಳಿಸುವುದು, ಮುಖ ಅತ್ತ ತಿರುಗಿಸುವುದು, ಇವು ಗುರುಗುಟ್ಟುವುದಕ್ಕೂ ಮೊದಲಿನ ಮಾತುಗಳು. ಇವನ್ನು ಗುರುತಿಸಲು ಮಗಳಿಗೆ ಕಲಿಸಿ, ದೊಡ್ಡವರಿಲ್ಲದೆ ಇಬ್ಬರನ್ನೇ ಬಿಡಬೇಡಿ. ಒಂದು ವೇಳೆ ಹಲ್ಲು ತಾಗಿ ಗಾಯವಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಿ. ನಾಯಿಗೆ ರೇಬಿಸ್ ಲಸಿಕೆಯಾಗಿದ್ದರೂ ಕಾಣಿ.

ಕಷ್ಟವೆನಿಸಿದರೆ ಆಶ್ರಯಧಾಮದವರಿಗೆ ಫೋನ್ ಮಾಡಲು ಸಂಕೋಚಪಡಬೇಡಿ. ಆ ನಾಯಿ ಅಲ್ಲಿ ಯಾವುದಕ್ಕೆ ಬೆದರುತ್ತಿತ್ತು, ಯಾರ ಕೈಯಿಂದ ಮೊದಲು ತಿಂದಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ.

ಮಗಳಿಗೆ ಇಂದು ರಾತ್ರಿ ಒಂದು ಕೆಲಸ ಕೊಡಿ. ಊಟವಾದ ಮೇಲೆ ದೊಡ್ಡವರೊಬ್ಬರು ಅವಳ ಜೊತೆಗಿದ್ದು, ಮಂಚದಿಂದ ಐದಾರು ಅಡಿ ದೂರದಲ್ಲಿ ಚಾಪೆ ಹಾಸಿ, ನಾಯಿಯ ಕಡೆಗೆ ನೋಡದೆ ಪಕ್ಕಕ್ಕೆ ತಿರುಗಿ ಅವಳು ಕುಳಿತುಕೊಳ್ಳಲಿ. ಶಾಲೆಯ ಕನ್ನಡ ಪುಸ್ತಕದ ಪಾಠವನ್ನು ಮೆಲುದನಿಯಲ್ಲಿ ಓದಲಿ. ಒಂದು ಪುಟ ಮುಗಿದಾಗ ಬೇಯಿಸಿದ ಮೊಟ್ಟೆಯ ಚಿಕ್ಕ ಚೂರನ್ನು ಮಂಚದ ಕಡೆಗೆ ಉರುಳಿಸಿ, ಮತ್ತೆ ಓದಿಗೆ ಮರಳಲಿ. ಚೂರು ಮಾಯವಾದರೂ ತಿರುಗಿ ನೋಡಬಾರದು. ಹತ್ತು ನಿಮಿಷ ಸಾಕು, ಎದ್ದು ಬರಲಿ. ನಾಳೆ ಅದೇ ಹೊತ್ತಿಗೆ, ಅದೇ ಚಾಪೆ.